ಮಿಲಿಸೆಕೆಂಡಿನ ರುಚಿ

ರಾತ್ರಿ ಊಟ ಮುಗಿದು, ಟಿವಿ ಆರಿ, ಮಕ್ಕಳ ಮೊಬೈಲುಗಳೆಲ್ಲ ಚಾರ್ಜಿಗೆ ಬಿದ್ದ ಮೇಲೆ ಕಂಪ್ಯೂಟರಿನಲ್ಲಿ ಆ ಕಪ್ಪು ಪರದೆಯನ್ನು ತೆರೆದು 'ಪಿಂಗ್ 192.168.1.1' ಎಂದು ಹೊಡೆಯಬೇಕು. ಕೊನೆಗೊಂದು '-ಟಿ' ಸೇರಿಸಿದರೆ ನಾವಾಗಿ ನಿಲ್ಲಿಸುವವರೆಗೂ ಒಂದರ ಕೆಳಗೊಂದು ಅಂಕಿ ಇಳಿಯುತ್ತಾ ಹೋಗುತ್ತದೆ. 2, 2, 3, 2, 2, 2. ನಮ್ಮ ಕಂಪ್ಯೂಟರಿನಿಂದ ಪಡಸಾಲೆಯ ರೂಟರಿಗೆ ಒಂದು ಚಿಕ್ಕ ಸಂದೇಶ ಹೋಗಿ ಅದರ ಉತ್ತರ ಮರಳಿ ಬರಲು ಹಿಡಿದ ಹೊತ್ತು ಅದು, ಮಿಲಿಸೆಕೆಂಡಿನ ಲೆಕ್ಕದಲ್ಲಿ. ಅಂಕಿ ಸಣ್ಣದಿರುವುದು ಸರಿಯೇ. ಅದು ಅಲುಗಾಡದೆ ನಿಂತಿರುವುದು ಇನ್ನೂ ಸೊಗಸು. ನಾನು ಇದನ್ನು ಸುಮ್ಮನೆ ನೋಡುತ್ತಾ ಕೂರಬಲ್ಲೆ. ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಅಲ್ಲಿನ ನೆಟ್‌ವರ್ಕ್ ವಿಚಿತ್ರವಾಗಿ ಆಡತೊಡಗಿದಾಗ 1983ರ ಡಿಸೆಂಬರಿನ ಒಂದೇ ಸಂಜೆಯಲ್ಲಿ ಬರೆದ ಪ್ರೋಗ್ರಾಮು ಇದು. ನಾಲ್ಕು ದಶಕ ಕಳೆದರೂ ನೆಟ್‌ವರ್ಕಿನ ನಾಡಿ ನೋಡಲು ಇದಕ್ಕಿಂತ ಸರಳವಾದದ್ದು, ಇಷ್ಟು ಸತ್ಯ ಹೇಳುವಂಥದ್ದು ಇನ್ನೊಂದು ಬಂದಿಲ್ಲ.

ಇದೇ ಅಂಕಿಗಳ ಸಾಲು, ಮನೆಯಲ್ಲಿ ಯಾವುದೋ ಒಂದು ಕಂಪ್ಯೂಟರು ಎದ್ದು ಕೂತ ಕೂಡಲೇ ಬೇರೆಯೇ ಆಗಿಬಿಡುತ್ತದೆ. 3, 48, 210, 6, 390, ಆಮೇಲೆ ಉತ್ತರವೇ ಇಲ್ಲ.

ಹೊಳಲ್ಕೆರೆ ಸೀಮೆಯಲ್ಲಿ ನಮ್ಮಕ್ಕನದು ಅಡಿಕೆ ತೋಟದವರ ಹಳೇ ಮನೆ. ಮುಂದಿನ ಪಡಸಾಲೆ ಈಚೆಗೆ ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿದ್ದು. ಹಿಂದಿನ ಭಾಗ ಸೈಜುಗಲ್ಲು ಮತ್ತು ಮಣ್ಣಿನದು, ಗೋಡೆಯ ದಪ್ಪವೇ ಒಂದು ಮೊಳಕ್ಕೆ ಮೇಲು. ರೂಟರು ಪಡಸಾಲೆಯ ಟಿವಿ ಪಕ್ಕ. ಭಾವನ ಹಳೇ ಕಂಪ್ಯೂಟರು ಹಿಂದಿನ ಕೋಣೆಯಲ್ಲಿ, ಕಬ್ಬಿಣದ ಬೀರುವಿನ ಮಗ್ಗುಲಲ್ಲಿ. ತೋಟದ ಲೆಕ್ಕ, ಪಹಣಿ, ಅಡಿಕೆ ರೇಟು ಎಲ್ಲವೂ ಅದರಲ್ಲೇ. ಭಾವ ಸಂಜೆ ಅದರ ಮುಂದೆ ಕೂತು ತೋಟಗಾರಿಕೆಯ ವೀಡಿಯೊ ಒಂದನ್ನು ಹಾಕಿದರೆ ಸಾಕು, ಮಗಳ ಬೆಂಗಳೂರಿನ ಆಫೀಸು ಮೀಟಿಂಗಿನಲ್ಲಿ ಮಾತು ತುಂಡುತುಂಡಾಗುತ್ತದೆ, ಅಕ್ಕನ ಧಾರಾವಾಹಿ ನಿಂತಲ್ಲೇ ಸುತ್ತತೊಡಗುತ್ತದೆ, 'ನೆಟ್ ಹೋಯ್ತು' ಎಂಬ ಕೂಗು ಅಡುಗೆಮನೆಯವರೆಗೂ ಕೇಳುತ್ತದೆ. ಕೇಬಲ್ ಹುಡುಗನನ್ನು ಕರೆಸಿದರು. ಅವನು ಫೈಬರಿನ ತುದಿಗೆ ಮೀಟರ್ ಹಚ್ಚಿ ಮೈನಸ್ 20 ಎಂದು ತೋರಿಸಿ, "ಲೈನ್ ಪಕ್ಕಾ ಐತೆ ಅಕ್ಕ, ಒಳಗೇ ಏನೋ ಆಗೈತೆ ನೋಡ್ಕಳಿ" ಎಂದು ಹೊರಟ. ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಫೈಬರಿನ ಬೆಳಕು ಮೈನಸ್ 27ರವರೆಗೆ ಕುಂದಿದರೂ ನಮ್ಮ ಮನೆಗಳಲ್ಲಿರುವಂಥ ಪೆಟ್ಟಿಗೆ ಅದನ್ನು ಓದಬಲ್ಲದು.

ಇಂಥ ಹೊತ್ತಿನಲ್ಲಿ ರೂಟರನ್ನು ಆರಿಸಿ ಹಚ್ಚುವುದು ಎಲ್ಲರೂ ಮಾಡುವ ಮೊದಲ ಕೆಲಸ. ಹಾಗೆ ಮಾಡಿದರೆ ತೊಂದರೆಯ ಜೊತೆಗೆ ಅದರ ಗುರುತೂ ಅಳಿಸಿಹೋಗುತ್ತದೆ. ಮಾರನೆಯ ಸಂಜೆ ಮತ್ತೆ ಅದೇ ಕಥೆ. ತೊಂದರೆ ಕಣ್ಣೆದುರು ಇರುವಾಗಲೇ ನೋಡಬೇಕು. ಎರಡು ಕಪ್ಪು ಪರದೆಗಳನ್ನು ಅಕ್ಕಪಕ್ಕ ತೆರೆದು, ಒಂದರಲ್ಲಿ ಮನೆಯ ರೂಟರಿಗೆ, ಇನ್ನೊಂದರಲ್ಲಿ 8.8.8.8 ಎಂಬ ಹೊರಗಿನ ವಿಳಾಸಕ್ಕೆ ಪಿಂಗ್ ಕಳಿಸುತ್ತಿರಬೇಕು. ಮೊದಲನೆಯದು ಶಾಂತವಾಗಿದ್ದು ಎರಡನೆಯದು ಕುಣಿಯುತ್ತಿದ್ದರೆ ಗೋಜಲು ಇರುವುದು ಮನೆಯಿಂದ ಆಚೆ ಹೋಗುವ ದಾರಿಯಲ್ಲಿ. ಮೊದಲನೆಯದೇ ಕುಣಿಯುತ್ತಿದ್ದರೆ ಗೋಜಲು ಮನೆಯ ಗಾಳಿಯಲ್ಲಿ. ಒಂದೇ ನೋಟಕ್ಕೆ ಲೋಕ ಎರಡು ಪಾಲಾಗುತ್ತದೆ, ಅರ್ಧವನ್ನು ಬಿಟ್ಟುಬಿಡಬಹುದು. ಆಮೇಲೆ ಒಂದೊಂದೇ ಸಾಧನದ ವೈಫೈ ಆರಿಸುತ್ತಾ ಅಂಕಿಗಳನ್ನು ನೋಡುವುದು. ಅಕ್ಕನ ಮೊಬೈಲು ಆರಿಸಿದರೆ ಏನೂ ಬದಲಾಗಲಿಲ್ಲ. ಟಿವಿ ಆರಿಸಿದರೂ ಇಲ್ಲ. ಹಿಂದಿನ ಕೋಣೆಯ ಕಂಪ್ಯೂಟರಿನ ವೈಫೈ ಕಡಿದ ಮರುಕ್ಷಣ 2, 2, 3, 2. ಇಡೀ ಮನೆಯ ಗಲಿಬಿಲಿ ಒಂದು ಗುಂಡಿಯ ತುದಿಗೆ ಬಂದು ನಿಲ್ಲುವ ಆ ಗಳಿಗೆಯ ರುಚಿ ಬಲ್ಲವರಿಗೇ ಗೊತ್ತು.

ಆದರೆ ಅದಕ್ಕಿಂತ ಹೆಚ್ಚಿನ ರುಚಿ ಇರುವುದು 'ಯಾಕೆ' ಎಂದು ಕೇಳಿದಾಗ. ಆ ಕಂಪ್ಯೂಟರು ಕೆಟ್ಟಿರಲಿಲ್ಲ. ಅದರಲ್ಲಿ ವೈರಸ್ ಇರಲಿಲ್ಲ. ಅದು ಯಾವ ನಿಯಮವನ್ನೂ ಮುರಿಯುತ್ತಿರಲಿಲ್ಲ.

ವೈಫೈ ಎಂದರೆ ಒಂದೇ ಗಾಳಿಯನ್ನು ಎಲ್ಲರೂ ಹಂಚಿಕೊಳ್ಳುವುದು. ಒಂದು ಚಾನೆಲ್ಲಿನಲ್ಲಿ ಒಮ್ಮೆಗೆ ಒಬ್ಬರು ಮಾತಾಡಬೇಕು; ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಕೇಳಿಸದು. 1971ರಲ್ಲಿ ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್‌ಸನ್ ಮತ್ತು ಜೊತೆಗಾರರು ಅಲೋಹಾನೆಟ್ ಎಂಬ ರೇಡಿಯೊ ನೆಟ್‌ವರ್ಕ್ ಶುರುಮಾಡಿದಾಗ ನಿಯಮ ಇನ್ನೂ ಒರಟಾಗಿತ್ತು: ಹೇಳುವುದಿದ್ದರೆ ಹೇಳಿಬಿಡು, ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಹೇಳು. ಹಾಗೆ ಮಾಡಿದರೆ ಗಾಳಿಯ ಶೇಕಡಾ 18ರಷ್ಟು ಹೊತ್ತು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂಬುದು ಗಣಿತದ ಲೆಕ್ಕ. 1997ರಲ್ಲಿ ವೈಫೈನ ಮೊದಲ ಪ್ರಮಾಣಸೂತ್ರ ಬರುವ ಹೊತ್ತಿಗೆ ಈ ನಡವಳಿಕೆ ಬಹಳ ನಯವಾಗಿತ್ತು. ಮಾತಾಡುವ ಮೊದಲು ಕಿವಿಗೊಡಬೇಕು. ಯಾರೂ ಮಾತಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೂ ಒಂದು ಗೊತ್ತಾದ ಹೊತ್ತು ಸುಮ್ಮನಿರಬೇಕು. 5 ಗಿಗಾಹರ್ಟ್ಸ್‌ನ ಮೂಲ ನಿಯಮದಲ್ಲಿ ಅದು 34 ಮೈಕ್ರೊಸೆಕೆಂಡ್. ಆಮೇಲೆ ಪ್ರತಿಯೊಂದು ಸಾಧನವೂ ಮನಸ್ಸಿನಲ್ಲೇ 0ಯಿಂದ 15ರ ಒಳಗೆ ಒಂದು ಸಂಖ್ಯೆ ಹಿಡಿದು, ಒಂದೊಂದಕ್ಕೆ 9 ಮೈಕ್ರೊಸೆಕೆಂಡಿನಂತೆ ಹಿಂದಕ್ಕೆ ಎಣಿಸುತ್ತದೆ. ಮೊದಲು ಸೊನ್ನೆ ಮುಟ್ಟಿದವರಿಗೆ ಮಾತು. ಮಿಕ್ಕವರು ಎಣಿಕೆ ನಿಲ್ಲಿಸಿ, ಅವರ ಮಾತು ಮುಗಿದ ಮೇಲೆ ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ಇಬ್ಬರ ಸಂಖ್ಯೆ ಒಂದೇ ಆಗಿ ಡಿಕ್ಕಿಯಾದರೆ ಮುಂದಿನ ಸಲ 0ಯಿಂದ 31ರೊಳಗೆ, ಮತ್ತೆ ಆದರೆ 63ರೊಳಗೆ, ಹೀಗೆ 1023ರವರೆಗೆ. ಜನ ಹೆಚ್ಚಿದಷ್ಟೂ ಪ್ರತಿಯೊಬ್ಬರೂ ತಾವಾಗಿಯೇ ಇನ್ನಷ್ಟು ತಾಳ್ಮೆ ತಂದುಕೊಳ್ಳುತ್ತಾರೆ. ಮೇಲೆ ನಿಂತು ಕೋಲು ಹಿಡಿದವರು ಯಾರೂ ಇಲ್ಲ. ಇಷ್ಟು ಮರ್ಯಾದೆಯ ಸಭೆ ನಮ್ಮ ಪ್ರತಿ ಮನೆಯಲ್ಲೂ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಆ ಮರ್ಯಾದೆಯ ಒಳಗೇ ಒಂದು ಕೊರತೆಯೂ ಕೂತಿದೆ. ನಿಯಮ ಎಲ್ಲರಿಗೂ ಸಮನಾಗಿ ಸರದಿ ಕೊಡುತ್ತದೆ. ಸರದಿ ಸಿಕ್ಕವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ನೋಡುವುದಿಲ್ಲ. 1500 ಬೈಟಿನ ಒಂದು ಪ್ಯಾಕೆಟ್ಟು ಎಂದರೆ 12,000 ಬಿಟ್. ಪಡಸಾಲೆಯ ಲ್ಯಾಪ್‌ಟಾಪು 54 ಮೆಗಾಬಿಟ್ ವೇಗದಲ್ಲಿ ಅದನ್ನು 0.22 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ಎರಡು ಗೋಡೆಯಾಚೆಗಿನ ಕಂಪ್ಯೂಟರಿಗೆ ಸಿಗ್ನಲ್ ಕ್ಷೀಣ. ತಪ್ಪಿಲ್ಲದೆ ಮುಟ್ಟಬೇಕೆಂದು ಅದು ತನ್ನ ವೇಗವನ್ನು 1 ಮೆಗಾಬಿಟ್ಟಿಗೆ ಇಳಿಸಿಕೊಂಡಿದೆ. ಅದೇ ಪ್ಯಾಕೆಟ್ಟಿಗೆ ಅದರ ಪಾಲಿಗೆ 12 ಮಿಲಿಸೆಕೆಂಡ್ ಬೇಕು. ಒಂದು ಸಲ ಇದು, ಒಂದು ಸಲ ಅದು ಎಂದು ಸರದಿ ನಡೆದರೆ ಲ್ಯಾಪ್‌ಟಾಪಿಗೆ ಪ್ರತಿ 12.22 ಮಿಲಿಸೆಕೆಂಡಿಗೆ ಒಂದೇ ಪ್ಯಾಕೆಟ್ಟು ಸಿಗುತ್ತದೆ. ಅಂದರೆ 54 ಮೆಗಾಬಿಟ್ಟಿನ ಯಂತ್ರವೂ 1 ಮೆಗಾಬಿಟ್ಟಿಗಿಂತ ಕೆಳಗೆ ಬಂದು ಕೂರುತ್ತದೆ. ಫ್ರಾನ್ಸಿನ ಗ್ರೆನೋಬ್ಲ್‌ನ ಮಾರ್ಟಿನ್ ಹ್ಯೂಸ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಅಳೆದು ತೋರಿಸಿದರು. 2005ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅನುರಾಗ್ ಕುಮಾರ್ ತಮ್ಮ ಸಹಲೇಖಕರೊಂದಿಗೆ ಬರೆದ ಪ್ರಬಂಧ ಇದನ್ನೇ ಗಣಿತದಲ್ಲಿ ಸಾಧಿಸಿತು: ಒಂದು ವೈಫೈ ಕೋಶದಲ್ಲಿ ಯಾರ ಹರಿವೂ ಅಲ್ಲಿನ ಅತಿ ನಿಧಾನದವರ ವೇಗವನ್ನು ಮೀರಲಾರದು. ಆ ಸಂಸ್ಥೆಯ ಎರಡನೆಯ ಆವರಣ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ, ಚಳ್ಳಕೆರೆಯ ಕುದಾಪುರದಲ್ಲಿದೆ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದುದಕ್ಕೆ ನಮ್ಮವರೇ ಸೂತ್ರ ಬರೆದಿಟ್ಟಿದ್ದರು ಎನ್ನುವುದು ನನಗೆ ಹೆಮ್ಮೆಯ ಮಾತು.

ಹಾಗಾದರೆ ನ್ಯಾಯ ಯಾವುದು? ಗದ್ದೆಗಳಿಗೆ ನೀರು ಹಂಚುವ ಬಗೆಯನ್ನು ನೋಡಿ. ಹಿರಿಯೂರಿನ ಬಯಲಿಗೆ ನಾಲೆ ಬಂದದ್ದು 1907ರಲ್ಲಿ ಮಾರಿಕಣಿವೆಯ ಕಟ್ಟೆ ಮುಗಿದ ಮೇಲೆ. ಅದಕ್ಕೂ ಬಹಳ ಹಿಂದಿನಿಂದ ನಮ್ಮ ಕೆರೆಗಳ ಕೆಳಗೆ ನೀರು ಹಂಚಿದವನು ನೀರುಗಂಟಿ. ಪ್ರತಿ ಗದ್ದೆಯೂ ತುಂಬುವವರೆಗೆ ಬಿಡುತ್ತೇನೆ ಎಂದು ಅವನು ಹೊರಟರೆ ಮರಳು ನೆಲದವನ ಸರದಿ ಮುಗಿಯುವುದೇ ಇಲ್ಲ, ಕೊನೆಯವನ ಪೈರು ಒಣಗುತ್ತದೆ. ಹೊತ್ತು ನೋಡಿ ಮಡೆ ತಿರುಗಿಸಬೇಕು. ವೈಫೈ ಮಾಡುವವರಿಗೆ ಈ ವಿವೇಕ ಮನೆಮನೆಯ ಪೆಟ್ಟಿಗೆಯವರೆಗೆ ತಲುಪಿಸಲು ಬಹಳ ವರ್ಷ ಹಿಡಿಯಿತು. 2017ರಲ್ಲಿ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದ ಟೋಕೆ ಹೊಯ್‌ಲಾಂಡ್-ಯೋರ್ಗೆನ್ಸನ್ ಮತ್ತು ಜೊತೆಗಾರರು, ಸರದಿಯ ಬದಲು ಗಾಳಿಯಲ್ಲಿ ಕಳೆದ ಹೊತ್ತನ್ನು ಸಮನಾಗಿ ಹಂಚುವ ಕ್ರಮವನ್ನು ಲಿನಕ್ಸಿನೊಳಗೆ ಕೂರಿಸಿ ತೋರಿಸಿದರು. ನಿಧಾನದವನು ನಿಧಾನವಾಗಿಯೇ ಇರುತ್ತಾನೆ. ಬೇಗದವರು ತಮ್ಮ ಪಾಲಿನ ಹೊತ್ತಿನಲ್ಲಿ ಬೇಗ ಮುಗಿಸಿಕೊಳ್ಳುತ್ತಾರೆ. ಈಗಿನ ಕೆಲವು ರೂಟರುಗಳ ಸೆಟ್ಟಿಂಗಿನಲ್ಲಿ 'ಏರ್‌ಟೈಮ್ ಫೇರ್‌ನೆಸ್' ಎಂದು ಕಾಣುವುದು ಇದೇ ಜಾತಿಯ ಏರ್ಪಾಟು.

ಅಕ್ಕನ ಮನೆಯ ರೂಟರಿನಲ್ಲಿ ಅದು ಇರಲಿಲ್ಲ. ಕಂಪ್ಯೂಟರಿನ ಬೆನ್ನಿಗೆ ನೋಡಿದರೆ ಉಗುರಿನಷ್ಟು ಡಾಂಗಲ್ ಒಂದು, ನೆಲದಿಂದ ಗೇಣು ಮೇಲೆ, ಸಿಪಿಯು ತಗಡಿಗೂ ಬೀರುವಿಗೂ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು, ಮಾಡಿನ ತೊಲೆಗುಂಟ ಒಂದು ಲ್ಯಾನ್ ವೈರ್ ಎಳೆದು ರೂಟರಿಗೆ ಸೇರಿಸಿದೆವು. ತಾಮ್ರದ ಆ ವೈರು 100 ಮೀಟರಿನವರೆಗೆ ಚೆನ್ನಾಗಿ ನಡೆಯುತ್ತದೆ. ಮನೆಯೊಳಗೆ ಅಷ್ಟು ದೂರ ಎಲ್ಲಿ? ಭಾವನ ವೀಡಿಯೊ ಮೊದಲಿಗಿಂತ ಚುರುಕಾಯಿತು, ಅದಕ್ಕಿಂತ ಮುಖ್ಯವಾಗಿ ಗಾಳಿ ಮಿಕ್ಕವರಿಗೆ ಬಿಡುವಾಯಿತು. ನಿಧಾನದವರನ್ನು ಮನೆಯಿಂದ ಹೊರಹಾಕದೆ, ಅವರಿಗೆ ತಮ್ಮದೇ ದಾರಿ ಮಾಡಿಕೊಟ್ಟು ಎಲ್ಲರಿಗೂ ಒಳ್ಳೆಯದಾಗುವ ಪರಿಹಾರ ಇದು. ನನಗೆ ಇದರಷ್ಟು ಪ್ರಿಯವಾದ ರಿಪೇರಿ ಇನ್ನೊಂದಿಲ್ಲ.

ಹೊಸದುರ್ಗದಲ್ಲಿ ಕಂಡದ್ದು ಬೇರೆ ಬಗೆ. ಗೆಳೆಯರೊಬ್ಬರು ಮದುವೆ ಫೋಟೊ ತೆಗೆಯುವವರು. ಆಲ್ಬಮ್ಮಿನ ಕಡತಗಳನ್ನು ರಾತ್ರಿ ಮನೆಯ ಕಂಪ್ಯೂಟರಿನಿಂದಲೇ ಲ್ಯಾಬಿಗೆ ಕಳಿಸುತ್ತಾರೆ. ಅವರ ಮನೆಯಲ್ಲಿ ರೂಟರಿನ ಪಿಂಗ್ ಅಲುಗಾಡುತ್ತಿರಲಿಲ್ಲ, ಹೊರಗಿನ ಪಿಂಗ್ ಮಾತ್ರ ಕಡತ ಹೋಗಲು ಶುರುವಾದ ಕ್ಷಣದಿಂದ ಮೆಟ್ಟಿಲು ಹತ್ತಿ 800ರ ಸುತ್ತ ನಿಲ್ಲುತ್ತಿತ್ತು. ಈ ನಿಲ್ಲುವಿಕೆಯೇ ಸುಳಿವು. ಗಾಳಿಯ ಗೋಜಲಿದ್ದರೆ ಅಂಕಿ ಮೇಲೆ ಕೆಳಗೆ ಜಿಗಿಯುತ್ತದೆ. ಸಾಲು ಕಟ್ಟಿದ್ದರೆ ಏರಿ, ಏರಿದಲ್ಲೇ ಕೂರುತ್ತದೆ. ಲೆಕ್ಕವೂ ಸರಿಹೋಗುತ್ತದೆ: ಮೇಲಕ್ಕೆ ಹೋಗುವ ವೇಗ 10 ಮೆಗಾಬಿಟ್ ಇದ್ದು, ಪೆಟ್ಟಿಗೆಯೊಳಗಿನ ಸಾಲಿನಲ್ಲಿ 1 ಮೆಗಾಬೈಟ್ ಕಾದು ನಿಂತಿದ್ದರೆ, ಅದರ ಹಿಂದೆ ಬಂದ ಯಾವ ಪ್ಯಾಕೆಟ್ಟಿಗಾದರೂ 800 ಮಿಲಿಸೆಕೆಂಡಿನ ಕಾಯುವಿಕೆ ತಪ್ಪದು. ಪಕ್ಕದ ಕೋಣೆಯ ಮಗು ಆನ್‌ಲೈನ್ ಪಾಠಕ್ಕೆ 'ಹಾಜರ್' ಎಂದರೆ ಆ ದನಿಯೂ ಫೋಟೊಗಳ ಹಿಂದೆಯೇ ನಿಲ್ಲಬೇಕು.

2010ರ ಸುಮಾರಿಗೆ ಅಮೆರಿಕದಲ್ಲಿ ಜಿಮ್ ಗೆಟ್ಟಿಸ್ ಅವರ ಮನೆಯಲ್ಲೂ ಹೀಗೇ. ಎಕ್ಸ್ ವಿಂಡೋ ಎಂಬ ಸಾಫ್ಟ್‌ವೇರು ಕಟ್ಟಿದವರಲ್ಲಿ ಒಬ್ಬರಾದ ಅವರು ಮನೆಯಿಂದ ದೊಡ್ಡ ಕಡತಗಳನ್ನು ಕಳಿಸುವಾಗ ಮನೆಮಂದಿ ನೆಟ್ ನಿಧಾನ ಎಂದು ದೂರುತ್ತಿದ್ದರು. ಅವರು ಬೆನ್ನು ಹತ್ತಿ ನೋಡಿದರೆ ಕಾರಣ ಅವರದೇ ಕಂಪ್ಯೂಟರು; ಆಳದ ಕಾರಣ, ಮೆಮೊರಿ ಅಗ್ಗವಾಯಿತೆಂದು ಪೆಟ್ಟಿಗೆ ಮಾಡುವವರು ಎಲ್ಲೆಡೆ ಉದ್ದುದ್ದ ಸಾಲುಗಳಿಗೆ ಜಾಗ ಇಟ್ಟದ್ದು. ಇದಕ್ಕೆ ಅವರು ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಪ್ಯಾಕೆಟ್ಟು ಕಳೆದರೆ ತಾನಾಗಿ ವೇಗ ತಗ್ಗಿಸುವ ವಿದ್ಯೆಯನ್ನು ಇಂಟರ್ನೆಟ್ಟಿಗೆ 1988ರಲ್ಲೇ ಕಲಿಸಿದವರು ವ್ಯಾನ್ ಜೇಕಬ್‌ಸನ್. ಅದಕ್ಕೆ ಎರಡು ವರ್ಷ ಮುಂಚೆ, 1986ರ ಅಕ್ಟೋಬರಿನಲ್ಲಿ, ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ಹತ್ತಿರದ ಪ್ರಯೋಗಾಲಯಕ್ಕೂ ನಡುವಿನ 400 ಗಜದ ದಾರಿಯಲ್ಲಿ ವೇಗ ಸೆಕೆಂಡಿಗೆ 32,000 ಬಿಟ್ಟಿನಿಂದ 40 ಬಿಟ್ಟಿಗೆ ಕುಸಿದದ್ದನ್ನು ಅವರು ಕಂಡಿದ್ದರು. ಉದ್ದದ ಸಾಲುಗಳು ಆ ವಿದ್ಯೆಯನ್ನೇ ಕುರುಡು ಮಾಡಿದ್ದವು: ಏನೂ ಕಳೆಯದಿದ್ದರೆ ತಗ್ಗಿಸಬೇಕೆಂದು ತಿಳಿಯುವುದಾದರೂ ಹೇಗೆ? 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಅವರೊಂದಿಗೆ ಸೇರಿ ಜೇಕಬ್‌ಸನ್ ಇದಕ್ಕೂ ಉತ್ತರ ಕೊಟ್ಟರು. ಆ ಉತ್ತರದ ಚೆಲುವು ನೋಡಿ. ಸಾಲು ಎಷ್ಟು ಉದ್ದವಿದೆ ಎಂದು ಅದು ಕೇಳುವುದೇ ಇಲ್ಲ. ಪ್ಯಾಕೆಟ್ಟು ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂದಷ್ಟೇ ಕೇಳುತ್ತದೆ. 100 ಮಿಲಿಸೆಕೆಂಡಿನ ಅವಧಿಯಲ್ಲಿ ಒಮ್ಮೆಯೂ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಇಳಿಯದಿದ್ದರೆ ಒಂದು ಪ್ಯಾಕೆಟ್ಟನ್ನು ಬಿಟ್ಟುಬಿಡುತ್ತದೆ. ಕಳಿಸುವವನಿಗೆ ಅದೇ ಸನ್ನೆ. ಇಲ್ಲೂ ನ್ಯಾಯದ ಅಳತೆ ಹೊತ್ತೇ. ಆಮೇಲೆ ಇದಕ್ಕೆ ಪ್ರತಿ ಹರಿವಿಗೂ ಬೇರೆ ಸಾಲು ಎಂಬುದನ್ನು ಸೇರಿಸಿ, ಮಾತಿನಂಥ ಸಣ್ಣ ಹರಿವುಗಳಿಗೆ ಮೊದಲ ದಾರಿ ಬಿಟ್ಟುಕೊಟ್ಟರು. 2018ರಲ್ಲಿ ಅದು ಆರ್‌ಎಫ್‌ಸಿ 8290 ಎಂಬ ದಾಖಲೆಯಾಗಿ ಪ್ರಕಟವಾಯಿತು. ಹೊಸದುರ್ಗದ ಮನೆಯಲ್ಲಿ ಅಂಥ ರೂಟರಿರಲಿಲ್ಲವಾದ್ದರಿಂದ, ಕಡತ ಕಳಿಸುವ ಸಾಫ್ಟ್‌ವೇರಿನಲ್ಲೇ ವೇಗವನ್ನು ಮುಕ್ಕಾಲಿಗೆ ಮಿತಿಗೊಳಿಸಿದೆವು. ಫೋಟೊ ಹೋಗುವುದು ಕೊಂಚ ತಡ, ಮನೆ ಶಾಂತ.

ಹಿರಿಯೂರಿನದು ಪತ್ತೇದಾರಿಕೆಯ ರಸ. 2020ರ ಲಾಕ್‌ಡೌನಿನಲ್ಲಿ ಪರಿಚಯದವರು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರನ್ನು ಮನೆಗೆ ತಂದು ಲ್ಯಾನ್ ವೈರಿನಿಂದ ರೂಟರಿಗೆ ಸೇರಿಸಿದ್ದರು, ವೈಫೈಯೂ ಆನ್ ಇತ್ತು. ಅಂದಿನಿಂದ ಒಂದು ದಿನ ಮಗನ ಮೊಬೈಲಿಗೆ ನೆಟ್ ಇಲ್ಲ, ಮರುದಿನ ಟಿವಿಗಿಲ್ಲ, ಇನ್ನೊಂದು ದಿನ ಎಲ್ಲ ಸರಿ. ಕೆಟ್ಟ ಮೊಬೈಲಿನ ವಿಳಾಸ ತೆಗೆದು ನೋಡಿದರೆ 192.168.137ರಿಂದ ಶುರು, ರೂಟರು ಹಂಚುತ್ತಿದ್ದುದು 192.168.1ರ ವಿಳಾಸಗಳನ್ನು. ಈ 137 ವಿಂಡೋಸ್ ತನ್ನ ನೆಟ್ಟನ್ನು ಬೇರೆಯವರೊಂದಿಗೆ ಹಂಚಿಕೊಳ್ಳುವಾಗ ಹಾಕುವ ಹೆಬ್ಬೆಟ್ಟು. ಅಂಗಡಿಯಲ್ಲಿ ಪಕ್ಕದ ಕೌಂಟರಿಗೆ ನೆಟ್ ಕೊಡಲೆಂದು ಯಾರೋ ಆ ಹಂಚಿಕೆಯನ್ನು ಹಚ್ಚಿಟ್ಟಿದ್ದರು. ಮನೆಗೆ ಬಂದ ಮೇಲೂ ಅದು ತನ್ನ ಕೆಲಸ ಬಿಟ್ಟಿರಲಿಲ್ಲ. ಹೊಸದಾಗಿ ಸೇರುವ ಸಾಧನ 'ನನಗೊಂದು ವಿಳಾಸ ಕೊಡಿ' ಎಂದು ಇಡೀ ಮನೆಗೆ ಕೇಳುವಂತೆ ಕೂಗುತ್ತದೆ, ಸಾಮಾನ್ಯವಾಗಿ ಮೊದಲು ಉತ್ತರಿಸಿದವರ ಮಾತನ್ನೇ ನಂಬುತ್ತದೆ. ರೂಟರು ಮೊದಲಾದ ದಿನ ಸುಖ, ಕಂಪ್ಯೂಟರು ಮೊದಲಾದ ದಿನ ಕಷ್ಟ. ಒಂದು ಟಿಕ್ ಗುರುತು ತೆಗೆದದ್ದೇ ಇಡೀ ಪರಿಹಾರ.

ಚಿತ್ರದುರ್ಗದಲ್ಲಿ, ಕೋಟೆಯ ಬುಡದ ಒತ್ತೊತ್ತಾದ ಬೀದಿಯೊಂದರಲ್ಲಿ, ಲ್ಯಾಪ್‌ಟಾಪಿನ ನೀಲಿ ಪೋರ್ಟಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿದಾಗಲೆಲ್ಲ ಪಕ್ಕದ ರೂಟರಿನ ವೈಫೈ ಬೀಳುತ್ತಿದ್ದುದನ್ನೂ ನೋಡಿದ್ದೇನೆ. ಯುಎಸ್‌ಬಿ 3 ಸೂಸುವ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್‌ನ ಮೇಲೇ ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿದೆ. ಹಾರ್ಡ್‌ಡಿಸ್ಕನ್ನು ಮೇಜಿನ ಇನ್ನೊಂದು ತುದಿಗೆ ಸರಿಸಿದರೆ ಮುಗಿಯಿತು. ಅಥವಾ 5 ಗಿಗಾಹರ್ಟ್ಸ್‌ಗೆ ಹೋಗಬಹುದು, ಆದರೆ ಅದು ಕಲ್ಲಿನ ಗೋಡೆ ದಾಟುವುದರಲ್ಲಿ ಹಿಂದೆ.

ಹೊಸ ರೂಟರು ಕೊಳ್ಳಲು ಹೊರಟವರಲ್ಲಿ ನನ್ನದೊಂದು ಮನವಿ. ಪೆಟ್ಟಿಗೆಯ ಮೇಲಿನ ಆಂಟೆನಾಗಳನ್ನು ಎಣಿಸಬೇಡಿ. ಏರ್‌ಟೈಮ್ ಫೇರ್‌ನೆಸ್ ಇದೆಯೇ, ಸಾಲನ್ನು ಚಿಕ್ಕದಾಗಿಡುವ ಎಸ್‌ಕ್ಯೂಎಂ ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಮನೆಯಲ್ಲಿ ಹಳೇ ಕಂಪ್ಯೂಟರೊಂದಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ, ಹೊಸ ರೂಟರಿಗೆ ದುಡ್ಡು ಸುರಿಯುವ ಮುನ್ನ, ಹದಿನೈದು ಮೀಟರ್ ಲ್ಯಾನ್ ವೈರ್ ತಂದು ಅದಕ್ಕೆ ಎಳೆಯಿರಿ. ಎಷ್ಟೋ ಮನೆಗಳಿಗೆ ಅಷ್ಟು ಸಾಕು.